ಹಳೆಯ ಬೆನ್ನುನೋವು, ಕತ್ತುನೋವಿಗೆ ಬಲದ ಲೆಕ್ಕ: 12 ವಾರಗಳ ಮಾರ್ಗದರ್ಶಿ

ಅಡಿಕೆ ಸುಲಿತ ಶುರುವಾಯಿತೆಂದರೆ ನನ್ನ ಕೊಠಡಿಯ ಮುಂದಿನ ಬೆಂಚು ತುಂಬಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕತ್ತು ಬಗ್ಗಿಸಿ ಕೂತು, ರಾತ್ರಿ ಹತ್ತಾದರೂ ಏಳದೆ ಸುಲಿದವರ ಕತ್ತು, ಹೆಗಲು, ಸೊಂಟ ಎಲ್ಲವೂ ಒಟ್ಟಿಗೇ ಮುಷ್ಕರ ಹೂಡುವ ಕಾಲ ಅದು. ಹಾಗೆ ಬಂದ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಮ್ಮ ಪ್ಲಾಸ್ಟಿಕ್ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಮೂರು ವರ್ಷದ ಔಷಧಿ ಚೀಟಿಗಳು, ಒಂದು ಎಂಆರ್‌ಐ, ಎರಡು ಸೊಂಟದ ಬೆಲ್ಟು, ಒಂದು ಕತ್ತಿನ ಕಾಲರು.

“ಎಲ್ಲ ಮಾಡಿ ಆಯಿತು ಡಾಕ್ಟರೇ. ವ್ಯಾಯಾಮವನ್ನೂ ಮಾಡಿದೆ. ಅದೂ ಆಗಿಬರಲಿಲ್ಲ.”

(ನಾನು ಫಿಸಿಯೋಥೆರಪಿಸ್ಟ್. ನಮ್ಮ ಪೇಟೆಯಲ್ಲಿ ರೋಗಿಯ ಮಂಚದ ಪಕ್ಕ ನಿಂತವರೆಲ್ಲ ಡಾಕ್ಟರೇ. ತಿದ್ದುವುದನ್ನು ಬಿಟ್ಟು ವರ್ಷಗಳಾದವು.)

“ಎಷ್ಟು ಮಾಡುತ್ತಿದ್ದಿರಿ ಅಮ್ಮ?”

“ಆದಷ್ಟು.”

ಕೆಟ್ಟದ್ದು ಅಲ್ಲಿಯೇ. ನೋವು ಕಡಿಮೆಯಿದ್ದ ದಿನ 40 ಸಲ, ಮರುದಿನ ನೋವು ಕೆರಳಿ ಸೊನ್ನೆ, ಮುಂದಿನ ನಾಲ್ಕು ದಿನವೂ ಸೊನ್ನೆ, ಆಮೇಲೆ ಮತ್ತೆ 40. ಉಪ್ಪು ರುಚಿಗೆ ತಕ್ಕಷ್ಟು ಎಂದರೆ ಅಡುಗೆ ಬಲ್ಲವರಿಗೆ ಸಾಕು, ಬೆನ್ನಿಗೆ ಸಾಲದು. ಸುಲಿದ ಅಡಿಕೆಯನ್ನು ಡಬ್ಬದ ಲೆಕ್ಕದಲ್ಲಿ ಬರೆದಿಟ್ಟು ಕೂಲಿ ಎಣಿಸಿಕೊಳ್ಳುವವರು ಅವರು. ಅದೇ ನೋಟ್ ಪುಸ್ತಕವನ್ನು ತಿರುವಿ, ಹಿಂದಿನ ಪುಟದಿಂದ ಬೆನ್ನಿನ ಲೆಕ್ಕ ಶುರು ಮಾಡಿಸಿದೆ.

ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. 3 ತಿಂಗಳು ದಾಟಿದ ಬೆನ್ನುನೋವು, ಕತ್ತುನೋವು ಇರುವವರಿಗೆ ಇದು. ನಿನ್ನೆ ಮೊನ್ನೆ ಉಳುಕಿದವರು ಎರಡು ವಾರ ಕಾಯಿರಿ. ಬಹಳಷ್ಟು ಉಳುಕು ಅಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ.

ಮೊದಲು ವೈದ್ಯರ ಬಳಿ ಹೋಗಬೇಕಾದವರು

ಮೂತ್ರ ಕಟ್ಟಿದೆ ಅಥವಾ ಹಿಡಿತ ತಪ್ಪಿದೆ, ಮಲ ಬಂದದ್ದು ತಿಳಿಯುತ್ತಿಲ್ಲ, ಕೂತಾಗ ನೆಲಕ್ಕೆ ತಾಗುವ ಭಾಗಕ್ಕೆ ಜೋಮು ಹಿಡಿದಿದೆ, ಕಾಲಿನ ಶಕ್ತಿ ದಿನೇ ದಿನೇ ಕುಂದುತ್ತಿದೆ ಎನ್ನುವವರು ಇದನ್ನು ಓದುತ್ತ ಕೂರಬೇಡಿ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಇಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ.

ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು, ವರ್ಷಗಟ್ಟಲೆ ಸ್ಟಿರಾಯ್ಡ್ ತೆಗೆದುಕೊಂಡವರು, ಮಲಗಿದರೂ ಕೂತರೂ ಒಂದೇ ಸಮನೆ ನೋಯುವವರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು. ಕತ್ತುನೋವಿನವರು ಇನ್ನೊಂದನ್ನು ಗಮನಿಸಿ: ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ಎಡವಟ್ಟಾಗುವುದು ಬೆನ್ನುಹುರಿ ಒತ್ತಿಹೋಗಿರುವ ಲಕ್ಷಣವಿರಬಹುದು. ನಲವತ್ತೈದರೊಳಗೆ ಶುರುವಾದ ನೋವು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಮರಗಟ್ಟಿದಂತಿದ್ದು ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ವಾತರೋಗ ತಜ್ಞರನ್ನು ಕಾಣಿ. ಅದಕ್ಕೆ ಔಷಧಿ ಬೇರೆಯೇ ಇದೆ.

ಎಂಆರ್‌ಐ ಕವರನ್ನು ಬೀರುವಿನಲ್ಲಿಡಿ

ಮೇಲಿನ ಯಾವುದೂ ಇಲ್ಲವಾದರೆ ಆ ಚಿತ್ರದ ಭಯವನ್ನು ಸ್ವಲ್ಪ ಇಳಿಸೋಣ. “ಡಿಸ್ಕ್ ಜಾರಿದೆಯಂತೆ”, “ಮೂಳೆ ಸವೆದಿದೆಯಂತೆ”, “ಗ್ಯಾಪ್ ಬಂದಿದೆಯಂತೆ” ಎಂದು ಜನ ತಮ್ಮ ಬೆನ್ನಿನ ಬಗ್ಗೆ ಮಾತಾಡುವಾಗ ಬಿರುಕು ಬಿಟ್ಟ ಗೋಡೆಯ ಬಗ್ಗೆ ಹೇಳಿದಂತಿರುತ್ತದೆ. 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಬೆನ್ನುನೋವೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ವಯಸ್ಸಿನಲ್ಲೇ ನೂರಕ್ಕೆ 37 ಜನರ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿತ್ತು. ಐವತ್ತರಲ್ಲಿ ನೂರಕ್ಕೆ 80 ಜನರಲ್ಲಿ ಸವೆತ, 60 ಜನರಲ್ಲಿ ಡಿಸ್ಕ್ ಉಬ್ಬು. ಇವರಲ್ಲಿ ಯಾರಿಗೂ ನೋವಿರಲಿಲ್ಲ. ತಲೆಗೂದಲು ನರೆತ ಹಾಗೆ ಡಿಸ್ಕೂ ನರೆಯುತ್ತದೆ. ಕಾಲಿಗೆ ಇಳಿಯುವ ನೋವು, ಶಕ್ತಿ ಕುಂದುವುದು ಇದ್ದಾಗ ಚಿತ್ರಕ್ಕೆ ಅರ್ಥವಿದೆ. ಬರಿಯ ಸೊಂಟನೋವಿನಲ್ಲಿ ಅದು ಹೇಳುವುದು ಕಡಿಮೆ, ಹೆದರಿಸುವುದು ಹೆಚ್ಚು.

ಹೆದರಿದವರು ಬಗ್ಗುವುದನ್ನು ಬಿಡುತ್ತಾರೆ, ಎತ್ತುವುದನ್ನು ಬಿಡುತ್ತಾರೆ. ಬೆನ್ನುಮೂಳೆಗೆ ಅಂಟಿಕೊಂಡಿರುವ ಒಳ ಸ್ನಾಯುಗಳು ಕೃಶವಾಗುತ್ತವೆ. ನೋವು ಹೋದ ಮೇಲೂ ಅವು ತಾವಾಗಿಯೇ ತುಂಬಿಕೊಳ್ಳುವುದಿಲ್ಲ. ಆಮೇಲೆ ಒಂದು ಬಿಂದಿಗೆ ಎತ್ತಿದರೂ ಬೆನ್ನಿಗೆ ಭಾರ. ಬಲ ತುಂಬುವ ವ್ಯಾಯಾಮ ಬೇಕಾಗಿರುವುದು ಇದಕ್ಕೇ.

ಹೆಜ್ಜೆ 1: ಅಳೆಯಿರಿ

ಒಂದು ನೋಟ್ ಪುಸ್ತಕ, ಸೆಕೆಂಡ್ ತೋರಿಸುವ ಮೊಬೈಲ್, ಒಂದು ಜಮಖಾನೆ ಸಾಕು. ಐದು ಅಳತೆ ತೆಗೆದುಕೊಳ್ಳಿ. ಯಾವುದನ್ನೂ ಹಲ್ಲು ಕಚ್ಚಿ ಮಾಡಬೇಡಿ. ನೋವು ಏರಲು ಶುರುವಾದ ಅಥವಾ ಭಂಗಿ ಅಲುಗಿದ ಕ್ಷಣಕ್ಕೆ ನಿಲ್ಲಿಸಿ.

1. ನಡಿಗೆ: ನೋವು ಹೆಚ್ಚಾಗುವ ಮುನ್ನ ಎಷ್ಟು ನಿಮಿಷ ನಡೆಯಬಲ್ಲಿರಿ?
2. ಕುರ್ಚಿ: ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರಿ?
3. ಬೆನ್ನು: ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿ, ಎದೆಯನ್ನು ನೆಲದಿಂದ ತುಸುವೇ ಎತ್ತಿ ಎಷ್ಟು ಸೆಕೆಂಡ್ ನಿಲ್ಲಿಸಬಲ್ಲಿರಿ?
4. ಪಕ್ಕ: ಮಂಡಿ ಮಡಚಿ ಮಗ್ಗುಲಾಗಿ ಮಲಗಿ, ಮೊಳಕೈ ಊರಿ ಸೊಂಟವನ್ನು ಎತ್ತಿ ಹಿಡಿಯಿರಿ. ಎಡ ಎಷ್ಟು, ಬಲ ಎಷ್ಟು?
5. ಕತ್ತು: ಅಂಗಾತ ಮಲಗಿ, ಗದ್ದವನ್ನು ಒಳಕ್ಕೆಳೆದುಕೊಂಡು ತಲೆಯನ್ನು ನೆಲದಿಂದ ಒಂದು ಅಂಗುಲ ಎತ್ತಿ ಎಷ್ಟು ಸೆಕೆಂಡ್? ಗದ್ದ ಮುಂದೆ ಚಾಚಿತೋ, ಎಣಿಕೆ ಮುಗಿಯಿತು.

ಅಡಿಕೆ ಸುಲಿಯುವ ಅಮ್ಮನ ಮೊದಲ ದಿನದ ಪುಟ ಹೀಗಿತ್ತು: ನಡಿಗೆ 12 ನಿಮಿಷ. ಕುರ್ಚಿ 8. ಬೆನ್ನು 15. ಪಕ್ಕ, ಎಡ 7, ಬಲ 16. ಕತ್ತು 9. ದಿನವಿಡೀ ದುಡಿಯುವ ಹೆಂಗಸು. “ನನಗೆ ವ್ಯಾಯಾಮ ಯಾಕೆ, ಕೆಲಸವೇ ವ್ಯಾಯಾಮ” ಎಂದವರು. ದುಡಿತದಲ್ಲಿ ಒಂದೇ ಸ್ನಾಯು ಒಂದೇ ರೀತಿಯಲ್ಲಿ ಸವೆಯುತ್ತದೆ, ಉಳಿದವು ರಜೆಯಲ್ಲಿರುತ್ತವೆ. ಎಡ 7, ಬಲ 16 ಎನ್ನುವ ಅಂತರವೇ ಅದನ್ನು ಹೇಳುತ್ತಿತ್ತು.

ಈಗ ಮುಖ್ಯ ನಿಯಮ: ಅಳತೆಯ ಅರ್ಧದಿಂದ ಶುರು. 12 ನಿಮಿಷ ನಡೆಯಬಲ್ಲವರು 6 ನಿಮಿಷ ನಡೆಯಬೇಕು. “ಇಷ್ಟೇನಾ?” ಎನಿಸಬೇಕು. ಹಾಗೆ ಅನಿಸದಿದ್ದರೆ ಹೆಚ್ಚಾಗಿದೆ ಎಂದೇ ಅರ್ಥ.

ನೋವಿಗೂ ಒಂದು ಅಂಕ ಕೊಡಿ, 0ಯಿಂದ 10. ವ್ಯಾಯಾಮದ ಹೊತ್ತಿನಲ್ಲಿ 3 ಅಥವಾ 4ರವರೆಗೆ ಏರಿ, ಮರುದಿನ ಬೆಳಗಿನೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಅದು ಮಾಮೂಲು, ಮುಂದುವರಿಸಿ. ಮರುದಿನವೂ ಇಳಿಯದಿದ್ದರೆ ಮುಂದಿನ ಸಲ ಅಳತೆಯನ್ನು ಕಾಲು ಭಾಗ ಕಡಿಮೆ ಮಾಡಿ. ನಿಲ್ಲಿಸಬೇಡಿ.

ಹೆಜ್ಜೆ 2: ಮೊದಲ ಎರಡು ವಾರ, ಕೆರಳಿದ್ದನ್ನು ತಣಿಸುವುದು

ಈ ಹಂತದಲ್ಲಿ ಬಲದ ಮಾತಿಲ್ಲ. ದಿನಕ್ಕೆ ಎರಡು ಮೂರು ಸಲ ಅರ್ಧ ಅಳತೆಯ ನಡಿಗೆ. ಸಂಜೆ ಐದು ನಿಮಿಷ ನೆಲದ ಮೇಲೆ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರಾಡುವುದು. ಮಂಡಿ, ಅಂಗೈ ಊರಿ ಬೆನ್ನನ್ನು ಬೆಕ್ಕಿನಂತೆ ಮೇಲೆ ಕೆಳಗೆ ಆಡಿಸುವುದು, 6ರಿಂದ 8 ಸಲ. ಇದು ಹಿಗ್ಗಿಸುವುದಕ್ಕೆಂದು ಮಾಡುವುದಲ್ಲ, ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟ ಹಾಗೆ. ತುದಿಯವರೆಗೆ ತಳ್ಳಬೇಡಿ.

ಆಮೇಲೆ ನಿಮ್ಮ ಬೆನ್ನಿಗೆ ಯಾವ ದಿಕ್ಕು ಹಿತ ಎಂದು ಕಂಡುಕೊಳ್ಳಬೇಕು. ಇದರ ಹಿಂದೆ ಒಂದು ಕಥೆಯಿದೆ. 1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಬಳಿಗೆ ಕಾಲಿಗೆ ಇಳಿಯುವ ಬೆನ್ನುನೋವಿನ ರೋಗಿಯೊಬ್ಬ ಬಂದ. ಒಳಗೆ ಹೋಗಿ ಬೋರಲು ಮಲಗಿರು ಎಂದು ಮೆಕೆಂಜಿ ಹೇಳಿದರು. ಮಂಚದ ತಲೆಭಾಗವನ್ನು ಹಿಂದಿನ ರೋಗಿಗೆಂದು ಮೇಲೆತ್ತಿದ್ದರು, ಯಾರೂ ಇಳಿಸಿರಲಿಲ್ಲ. ಆತ ಹಾಗೆಯೇ ಬೆನ್ನು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ್ದ. ಅಂದಿನ ತಿಳಿವಳಿಕೆಯ ಪ್ರಕಾರ ಅದು ಅನಾಹುತದ ಭಂಗಿ. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ, ವಾರಗಳಲ್ಲಿ ಮೊದಲ ಸಲ ಕಾಲುನೋವು ಹೋಗಿದೆ ಎಂದ. ಅಲ್ಲಿಂದ ಒಂದು ಪದ್ಧತಿಯೇ ಹುಟ್ಟಿತು.

ನೀವು ಮಾಡಬೇಕಾದದ್ದು ಇಷ್ಟು. ಕೂತಾಗ, ಬಗ್ಗಿದಾಗ ನೋವು ಹೆಚ್ಚೆನಿಸಿದರೆ ಬೋರಲು ಮಲಗಿ ಎರಡು ನಿಮಿಷ, ಅದು ಸರಿಹೋದರೆ ಮೊಳಕೈ ಊರಿ ಎದೆ ಎತ್ತಿ ಎರಡು ನಿಮಿಷ. ನಿಂತಾಗ, ನಡೆದಾಗ ಹೆಚ್ಚಾಗಿ, ಕೂತರೆ ಹಾಯೆನಿಸಿದರೆ (ಅರವತ್ತು ದಾಟಿದವರಲ್ಲಿ ಹೆಚ್ಚು) ಅಂಗಾತ ಮಲಗಿ ಮಂಡಿಗಳನ್ನು ಎದೆಯತ್ತ ತಂದುಕೊಳ್ಳಿ. ಕಾಲಿನ ನೋವು ಪಾದದಿಂದ ಮೇಲೇರಿ ಸೊಂಟದತ್ತ ಸರಿಯುತ್ತಿದ್ದರೆ ದಿಕ್ಕು ಸರಿಯಿದೆ, ಸೊಂಟದಲ್ಲಿ ತುಸು ಹೆಚ್ಚಾದರೂ ಚಿಂತೆಯಿಲ್ಲ. ನೋವು ಕೆಳಗಿಳಿಯುತ್ತಿದ್ದರೆ ತಕ್ಷಣ ಬಿಡಿ.

ಇನ್ನೊಂದು, ನಮ್ಮ ಮನೆಗಳಿಗೆ ಬಹಳ ಹತ್ತಿರದ್ದು. ರಾತ್ರಿಯಿಡೀ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ನಾವು ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರವಿರುತ್ತೇವೆ. ಆ ಹೊತ್ತಿನಲ್ಲಿ ಬೆನ್ನು ಬಗ್ಗಿಸಿದರೆ ಡಿಸ್ಕ್ ಮೇಲೆ ಬೀಳುವ ಒತ್ತಡ ಹೆಚ್ಚು. ನಮ್ಮ ಹೆಂಗಸರು ಎದ್ದವರೇ ಮಾಡುವುದೇನು? ಗಿಡ್ಡ ಪೊರಕೆ ಹಿಡಿದು ಸೊಂಟದಿಂದ ಬಾಗಿ ಅಂಗಳ ಗುಡಿಸುವುದು, ಕಾಲು ನೆಟ್ಟಗಿಟ್ಟು ಬಗ್ಗಿ ರಂಗೋಲಿ ಹಾಕುವುದು. ಎದ್ದ ಮೊದಲ ಒಂದು ಗಂಟೆ ಬಗ್ಗುವ ಕೆಲಸ ಬೇಡ. ಪೊರಕೆಗೆ ಉದ್ದನೆಯ ಕೋಲು ಕಟ್ಟಿ, ರಂಗೋಲಿ ಕುಕ್ಕರುಗಾಲಿನಲ್ಲಿ ಕೂತು ಹಾಕಿ, ಇಲ್ಲವೇ ಮನೆಯ ಗಂಡಸರಿಗೆ ಬಿಡಿ. ಸೂರ್ಯನಮಸ್ಕಾರ ಮಾಡುವವರೂ ಹಾಸಿಗೆಯಿಂದ ನೇರವಾಗಿ ಹಸ್ತಪಾದಾಸನಕ್ಕೆ ಹೋಗಬೇಡಿ.

ಹೆಜ್ಜೆ 3: ಮೂರರಿಂದ ಆರನೆಯ ವಾರ, ನಡುವಿಗೆ ಪಟ್ಟಿ ಕಟ್ಟುವುದು

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಬೆನ್ನುಮೂಳೆಯ ಮೇಲೆ ಬೀಳುವ ಭಾರವನ್ನು ದಶಕಗಳ ಕಾಲ ಅಳೆದವರು. ಬೆನ್ನಿಗೆ ಕಡಿಮೆ ಒತ್ತಡ, ಸ್ನಾಯುಗಳಿಗೆ ಹೆಚ್ಚು ಕೆಲಸ ಕೊಡುವ ಮೂರು ವ್ಯಾಯಾಮಗಳನ್ನು ಅವರು ಆರಿಸಿಕೊಟ್ಟರು. ಇವುಗಳ ಜಾಣ್ಮೆ ಎಣಿಕೆಯಲ್ಲಿದೆ: ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲು 6 ಸಲ, ಅರ್ಧ ನಿಮಿಷ ವಿಶ್ರಾಂತಿ, ಆಮೇಲೆ 4 ಸಲ, ಮತ್ತೆ ವಿಶ್ರಾಂತಿ, ಕೊನೆಗೆ 2 ಸಲ. ದಣಿವು ಏರುತ್ತಿದ್ದಂತೆ ಎಣಿಕೆ ಇಳಿಯುತ್ತದೆ, ಭಂಗಿ ಕೆಡುವುದಿಲ್ಲ. ನಿಮ್ಮ ಅಳತೆಯೇ 7 ಸೆಕೆಂಡ್ ಆಗಿದ್ದರೆ 3 ಸೆಕೆಂಡ್ ಹಿಡಿದು ಶುರು ಮಾಡಿ, ವಾರಕ್ಕೆ ಎರಡು ಸೆಕೆಂಡ್ ಸೇರಿಸುತ್ತ ಹೋಗಿ.

ಕೈಕಾಲು ಚಾಚುವುದು. ಮಂಡಿ, ಅಂಗೈ ಊರಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ. ಇದನ್ನು ಹತ್ತರಲ್ಲಿ ಒಂಬತ್ತು ಜನ ತಪ್ಪು ಮಾಡುತ್ತಾರೆ. ಕಾಲನ್ನು ಆಕಾಶಕ್ಕೆ ಎತ್ತುತ್ತಾರೆ, ಸೊಂಟ ಕುಸಿಯುತ್ತದೆ. ನನ್ನ ಪರೀಕ್ಷೆ ಸುಲಭ: ಅಗಲ ತಳದ ಸ್ಟೀಲ್ ಡಬರಿಯಲ್ಲಿ ಅರ್ಧ ನೀರು ತುಂಬಿ ಸೊಂಟದ ಮೇಲಿಡುತ್ತೇನೆ. ಹಿಮ್ಮಡಿಯನ್ನು ಹಿಂದಿನ ಗೋಡೆಯತ್ತ ತಳ್ಳಿದರೆ ನೀರು ಅಲುಗುವುದಿಲ್ಲ, ಕಾಲನ್ನು ಮೇಲಕ್ಕೆ ಒದ್ದರೆ ಸೀರೆ ಒದ್ದೆ. ಎರಡು ಸಲ ಒದ್ದೆಯಾದ ಮೇಲೆ ಯಾರಿಗೂ ಮತ್ತೆ ಹೇಳಬೇಕಾಗಿ ಬಂದಿಲ್ಲ. ಕಾಲನ್ನು ಅಷ್ಟೂ ಚಾಚಲು ಆಗದವರು ಕೈ ಊರಿಯೇ ಇಟ್ಟು, ಕಾಲ ಬೆರಳನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಿ. ಅಲ್ಲಿಂದಲೇ ಶುರು.

ಪಕ್ಕದ ಸೇತುವೆ. ಅಳತೆಗೆ ಮಾಡಿದ್ದೇ. ಮೊಳಕೈ ಹೆಗಲಿನ ನೇರ ಕೆಳಗಿರಲಿ. ಹೆಗಲು ನೋಯುವವರು ಗೋಡೆಗೆ ಮೊಳಕೈ ಊರಿ, ಕಾಲು ಎರಡಡಿ ದೂರವಿಟ್ಟು, ನಿಂತೇ ಮಾಡಬಹುದು. ಸೋತ ಪಕ್ಕಕ್ಕೆ ಒಂದು ಸರದಿ ಹೆಚ್ಚು ಕೊಡಿ. ನಾಲ್ಕನೆಯ ವಾರದ ಹೊತ್ತಿಗೆ 10 ಸೆಕೆಂಡ್ ಸಲೀಸಾದರೆ ಮಂಡಿ ಬಿಡಿಸಿ, ಪಾದದ ಮೇಲೆ.

ತಲೆ ಎತ್ತುವುದು. ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಎರಡೂ ಅಂಗೈಗಳನ್ನು ಸೊಂಟದ ಕುಳಿಯ ಕೆಳಗಿಡಿ. ತಲೆ, ಹೆಗಲು ಒಂದೇ ಮರದ ತುಂಡು ಎನ್ನುವಂತೆ ನೆಲದಿಂದ ಎರಡು ಬೆರಳು ಎತ್ತಿ. ಅಷ್ಟೇ. ಶಾಲೆಯಲ್ಲಿ ಮಾಡಿಸುತ್ತಿದ್ದ, ಎದ್ದು ಕೂತು ಕಾಲ್ಬೆರಳು ಮುಟ್ಟುವ ಕವಾಯತು ಇದಲ್ಲ. ಹಳೆಯ ಬೆನ್ನುನೋವಿನವರು ಅದನ್ನು ಮರೆತುಬಿಡುವುದು ಒಳ್ಳೆಯದು. ಕತ್ತುನೋವು ಹೆಚ್ಚಿರುವವರು, ಮೂಳೆ ಟೊಳ್ಳಾಗಿದೆ ಎಂದು ವೈದ್ಯರು ಹೇಳಿದವರು ಇದನ್ನು ಬಿಡಿ.

ಇವುಗಳ ಜೊತೆಗೆ ಸೇತುಬಂಧ, ಅಂದರೆ ಮಂಡಿ ಮಡಚಿ ಮಲಗಿ ಪೃಷ್ಠವನ್ನು ಎತ್ತುವುದು, 8 ಸಲದ ಎರಡು ಸರದಿ. ಸೊಂಟ ಬಿಗಿದರೆ ತಪ್ಪು, ಪೃಷ್ಠ ಬಿಗಿಯಬೇಕು. ಉಸಿರು ಕಟ್ಟಬೇಡಿ. ಜೋರಾಗಿ ಎಣಿಸುತ್ತ ಮಾಡಿದರೆ ಉಸಿರು ತಾನಾಗಿಯೇ ಆಡುತ್ತದೆ, ರಕ್ತದೊತ್ತಡ ಇರುವವರಿಗೆ ಇದು ಕಡ್ಡಾಯ. ದಿನ ಬಿಟ್ಟು ದಿನ ಸಾಕು, ನಡಿಗೆ ಮಾತ್ರ ದಿನವೂ.

ಕತ್ತಿನ ಲೆಕ್ಕ ಬೇರೆ

ತಲೆಯ ತೂಕ ನಾಲ್ಕೈದು ಕಿಲೋ. ಅದನ್ನು ಎತ್ತಿ ಹಿಡಿಯುವ ಕೆಲಸ ಕತ್ತಿನ ಒಳಪದರದ ಸಣ್ಣ ಸ್ನಾಯುಗಳದ್ದು. ಅವು ಸೋತಾಗ ಹೊರಗಿನ ದಪ್ಪ ಸ್ನಾಯುಗಳು ಆ ಕೆಲಸ ಹೊತ್ತುಕೊಂಡು ಸಂಜೆಯ ಹೊತ್ತಿಗೆ ಕಲ್ಲಾಗುತ್ತವೆ. ಹೆಗಲು ಒತ್ತಿಸಿಕೊಂಡರೆ ಅರ್ಧ ದಿನ ಹಿತವೆನಿಸಿ ಮತ್ತೆ ಅದೇ ಆಗುವುದು ಇದಕ್ಕೆ. ಒತ್ತಿಸಿಕೊಂಡದ್ದು ಕೂಲಿಯವನನ್ನು, ಕೆಲಸಕ್ಕೆ ಬಾರದವನು ಒಳಗೆ ಮಲಗಿಯೇ ಇದ್ದಾನೆ.

ಅವನನ್ನು ಎಬ್ಬಿಸುವುದು ಹೀಗೆ. ತಲೆಯ ಕೆಳಗೆ ಮಡಚಿದ ಟವೆಲ್ ಇಟ್ಟು ಅಂಗಾತ ಮಲಗಿ. ದೂರದಲ್ಲಿರುವವರಿಗೆ ಸದ್ದಿಲ್ಲದೆ ‘ಹೂಂ’ ಎನ್ನುವಷ್ಟು ಮಾತ್ರ ಗದ್ದವನ್ನು ಕೆಳಗೆ ತನ್ನಿ. ತಲೆ ಟವೆಲ್ ಬಿಟ್ಟು ಏಳಬಾರದು. ಎರಡು ಬೆರಳನ್ನು ಕತ್ತಿನ ಮುಂಭಾಗದ ಪಕ್ಕಗಳಲ್ಲಿಡಿ. ಅಲ್ಲಿ ಹಗ್ಗದಂತೆ ಏನಾದರೂ ಉಬ್ಬಿದರೆ ಹೊರಗಿನವರು ಕೆಲಸಕ್ಕೆ ಇಳಿದಿದ್ದಾರೆ ಎಂದರ್ಥ, ತುಸು ಸಡಿಲಿಸಿ. 10 ಸೆಕೆಂಡ್ ಹಿಡಿದು ಬಿಡಿ, 10 ಸಲ, ದಿನಕ್ಕೆರಡು ಬಾರಿ. ನೋಡುವವರಿಗೆ ನೀವು ಏನೂ ಮಾಡುತ್ತಿಲ್ಲ ಎನಿಸುತ್ತದೆ. ಮಾಡಿ ಎದ್ದವರಿಗೆ ಗೊತ್ತು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲೆನ್ ಜುಲ್ ಮತ್ತು ಸಂಗಡಿಗರು ಬೆಳೆಸಿದ ತರಬೇತಿ ಇದು.

ಮೂರನೆಯ ವಾರದಿಂದ ಅಂಗೈಯನ್ನು ಹಣೆಗಿಟ್ಟು, ತಲೆ ಅಲುಗದಂತೆ ಒಂದಕ್ಕೊಂದು ಒತ್ತಿ, 6 ಸೆಕೆಂಡ್, 5 ಸಲ. ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ. ಪೂರ್ತಿ ಬಲದ ಅರ್ಧ ಸಾಕು. ಆರನೆಯ ವಾರದ ಮೇಲೆ ರಬ್ಬರ್ ಪಟ್ಟಿ ಕೊಂಡು ಕಿಟಕಿಯ ಸರಳಿಗೆ ಕಟ್ಟಿ, ಮೊಳಕೈಗಳನ್ನು ಹಿಂದಕ್ಕೆಳೆದು ಹೆಗಲಿನ ಹಿಂದಿನ ಎರಡು ಹಲಗೆಮೂಳೆಗಳನ್ನು ಹತ್ತಿರ ತನ್ನಿ, 12 ಸಲದ ಎರಡು ಸರದಿ.

ಕತ್ತಿಗೆ ಬಲದ ವ್ಯಾಯಾಮವೇ ಬೇಡ, ಬರೀ ಹಿಗ್ಗಿಸಿದರೆ ಸಾಕು ಎನ್ನುವವರಿಗೆ ನಾನು ಫಿನ್‌ಲೆಂಡಿನ ಪ್ರಯೋಗವೊಂದನ್ನು ಹೇಳುತ್ತೇನೆ. ಹಳೆಯ ಕತ್ತುನೋವಿದ್ದ 180 ಕಚೇರಿ ಮಹಿಳೆಯರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ್ದು. ಬಲದ ಮತ್ತು ತಾಳಿಕೆಯ ತರಬೇತಿ ಪಡೆದ ಎರಡೂ ಗುಂಪಿನವರು, ಬರೀ ಹಿಗ್ಗಿಸುವ ವ್ಯಾಯಾಮ, ಓಡಾಟದ ಸಲಹೆ ಪಡೆದವರಿಗಿಂತ ಬಹಳ ಚೇತರಿಸಿಕೊಂಡರು. ಸಮಯವಿಲ್ಲ ಎನ್ನುವವರಿಗೆ ಡೆನ್ಮಾರ್ಕಿನದು. ಅಲ್ಲಿ 198 ಜನರಿಗೆ 10 ವಾರ ರಬ್ಬರ್ ಪಟ್ಟಿಯ ತರಬೇತಿ ಕೊಟ್ಟು ನೋಡಿದರು, ದಿನಕ್ಕೆ 2 ನಿಮಿಷ ಮಾಡಿದವರಿಗೂ 12 ನಿಮಿಷ ಮಾಡಿದವರಿಗೂ ಕತ್ತು, ಹೆಗಲಿನ ನೋವು ಇಳಿಯಿತು. ವ್ಯಾಯಾಮ ಒಂದೇ: ಪಟ್ಟಿಯನ್ನು ಪಾದದ ಕೆಳಗೆ ಮೆಟ್ಟಿ, ತೋಳುಗಳನ್ನು ಪಕ್ಕದಿಂದ ಹೆಗಲಿನ ಮಟ್ಟಕ್ಕೆ ಎತ್ತುವುದು. ಪಟ್ಟಿಯಿಲ್ಲದಿದ್ದರೆ ಎರಡು ನೀರಿನ ಬಾಟಲಿ. ಅರ್ಧ ಲೀಟರ್ ಎಂದರೆ ಅರ್ಧ ಕಿಲೋ, ಇದಕ್ಕಿಂತ ಸುಲಭದ ತಕ್ಕಡಿ ಇಲ್ಲ.

ಹೆಜ್ಜೆ 4: ಏಳರಿಂದ ಹನ್ನೆರಡನೆಯ ವಾರ, ಭಾರ

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ನೋವು ಇಳಿದ ಐದನೆಯ ವಾರಕ್ಕೆ ಬಿಟ್ಟುಬಿಡುತ್ತಾರೆ. ಆರು ತಿಂಗಳಿಗೆ ಮತ್ತೆ ನನ್ನ ಬೆಂಚಿನ ಮೇಲೆ. ಜೀವನದಲ್ಲಿ ಸಿಲಿಂಡರ್ ಇದೆ, ಅಕ್ಕಿಮೂಟೆ ಇದೆ, ಮೊಮ್ಮಗು ಇದೆ. ಜಮಖಾನೆಯ ಮೇಲೆ ಕೈಕಾಲು ಚಾಚಿದ್ದು ಇವಕ್ಕೆ ಸಾಲದು.

ಮೊದಲು ಬಾಗುವುದನ್ನು ಕಲಿಯಬೇಕು. ಪೊರಕೆಯ ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ನಡು, ಬಾಲಮೂಳೆ ಮೂರಕ್ಕೂ ಅದು ತಾಗಿರಲಿ. ಮಂಡಿ ತುಸು ಮಡಚಿ, ಹಿಂದೆ ತೆರೆದಿರುವ ಬಾಗಿಲನ್ನು ಪೃಷ್ಠದಿಂದ ಮುಚ್ಚುವ ಹಾಗೆ ಹಿಂದಕ್ಕೆ ತಳ್ಳುತ್ತ ಬಾಗಿ. ಕೋಲು ಮೂರರಲ್ಲಿ ಒಂದನ್ನು ಬಿಟ್ಟರೂ ಅಲ್ಲಿಗೆ ನಿಲ್ಲಿಸಿ. ತೊಡೆಯ ಹಿಂದೆ ಸೆಳೆದರೆ ಸರಿಯಾಗಿದೆ. ಒಂದು ವಾರ ಕೋಲಿನದೇ ಅಭ್ಯಾಸ.

ಆಮೇಲೆ 5 ಕಿಲೋ ಅಕ್ಕಿಯನ್ನು ಹಿಡಿಕೆಯಿರುವ ಗಟ್ಟಿ ಚೀಲಕ್ಕೆ ತುಂಬಿ ಸ್ಟೂಲಿನ ಮೇಲಿಡಿ. ನೆಲದ ಮೇಲೆ ಬೇಡ, ಮಂಡಿಯ ಎತ್ತರದಲ್ಲಿರಲಿ. ಚೀಲ ಮೈಗೆ ತಾಗಿಕೊಂಡೇ ಮೇಲೆ ಬರಬೇಕು. 8 ಸಲ, ಎರಡು ನಿಮಿಷ ವಿಶ್ರಾಂತಿ, ಹೀಗೆ 3 ಸರದಿ. ವಾರಕ್ಕೆ ಎರಡೇ ದಿನ, ನಡುವೆ ಎರಡು ದಿನದ ಅಂತರ. 12 ಸಲ ಸಲೀಸಾಗಿ ಆಯಿತು, ಮುಂದಿನ ಸಲವೂ ಆಯಿತು ಎಂದಾದರೆ ಒಂದು ಸೇರು ಹೆಚ್ಚು ಹಾಕಿ 8ಕ್ಕೆ ಇಳಿಯಿರಿ. 10 ಕಿಲೋ ತಲುಪಿದ ಮೇಲೆ ಸ್ಟೂಲಿನಿಂದ ಮಣೆಗೆ, ಮಣೆಯಿಂದ ನೆಲಕ್ಕೆ.

ಅದೇ ದಿನ ಎರಡು ವ್ಯಾಯಾಮ ಜೊತೆಗೆ. ಚೀಲವನ್ನು ಎದೆಗವಚಿ ಕುರ್ಚಿಯಿಂದ ಎದ್ದು ಕೂರುವುದು, ನಮ್ಮ ಗರಡಿಯ ಬಸ್ಕಿಯ ಸೌಮ್ಯ ರೂಪ. ಇನ್ನೊಂದು, ಒಂದೇ ಕೈಯಲ್ಲಿ ನೀರಿನ ಬಕೆಟ್ ಹಿಡಿದು ವಾಲದೆ 20 ಹೆಜ್ಜೆ ನಡೆದು, ಕೈ ಬದಲಿಸಿ ವಾಪಸ್ ಬರುವುದು. ವಾಲದಂತೆ ತಡೆಯುವ ಎದುರು ಪಕ್ಕದ ಸ್ನಾಯುಗಳಿಗೇ ಇಲ್ಲಿ ಕೆಲಸ. ಬಕೆಟ್ ಅರ್ಧ ತುಂಬಿ ಶುರು ಮಾಡಿ.

ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ನೋಡಿದವರಿಗೆ ಇದೆಲ್ಲ ಮಕ್ಕಳಾಟವೆನಿಸಬಹುದು. ಅವರೂ ಮೊದಲ ದಿನವೇ ದೊಡ್ಡ ಕಲ್ಲಿಗೆ ಕೈ ಹಾಕಿದವರಲ್ಲ.

ಯಂತ್ರಗಳ ಬಗ್ಗೆ ಕೇಳುವವರಿದ್ದಾರೆ. ಅಮೆರಿಕದ ಆರ್ಥರ್ ಜೋನ್ಸ್ 1980ರ ದಶಕದಲ್ಲಿ ಮೆಡ್‌ಎಕ್ಸ್ ಎಂಬ ಯಂತ್ರ ಮಾಡಿದರು. ಸೊಂಟದ ಮೂಳೆಯನ್ನು ಬಿಗಿಯಾಗಿ ಕಟ್ಟಿಹಾಕಿ, ಪೃಷ್ಠ, ತೊಡೆಗಳ ಸಹಾಯ ಸಿಗದಂತೆ ಬೆನ್ನಿನ ಸ್ನಾಯುಗಳಿಂದಲೇ ಕೆಲಸ ತೆಗೆಯುತ್ತದೆ ಅದು. ಒಳ್ಳೆಯದೇ. ನಿಮ್ಮ ಊರಿನಲ್ಲಿದ್ದು, ಕಿಸೆಯೂ ಒಪ್ಪಿದರೆ ಹೋಗಿ. ಇಲ್ಲದಿದ್ದರೆ ಅಕ್ಕಿ ಚೀಲ.

ನೋವು ಕೆರಳಿದ ದಿನ

12 ವಾರದಲ್ಲಿ ಒಂದೆರಡು ಸಲ ಕೆರಳಿಯೇ ಕೆರಳುತ್ತದೆ. ಮದುವೆ ಮನೆಯ ಓಡಾಟ, ರಾತ್ರಿ ಬಸ್ಸಿನ ಪ್ರಯಾಣ, ಎರಡು ದಿನ ನಿದ್ದೆಗೆಟ್ಟದ್ದು, ಮನೆಯೊಳಗಿನ ಜಗಳ ಯಾವುದೂ ಕಾರಣವಾಗಬಹುದು. ಡಿಸ್ಕ್ ಮತ್ತೆ ಜಾರಿತೆಂದು ಗಾಬರಿಯಾಗಬೇಡಿ. ಎರಡು ದಿನ ಹೆಜ್ಜೆ 2ಕ್ಕೆ ಇಳಿಯಿರಿ: ಸಣ್ಣ ನಡಿಗೆ, ಕುರ್ಚಿಯ ಮೇಲೆ ಕಾಲು, ಹಿತವಾದ ದಿಕ್ಕು, ಬೇಕೆನಿಸಿದರೆ ಬಿಸಿನೀರಿನ ಶಾಖ. ಮೂರನೆಯ ದಿನ ಬಿಟ್ಟ ಅಳತೆಯ ಅರ್ಧ. ವಾರದೊಳಗೆ ಮೊದಲಿದ್ದಲ್ಲಿಗೆ. ಪೂರ್ತಿ ಮಲಗಿಬಿಡುವುದು ಮಾತ್ರ ಬೇಡ. ನನಗೇ ಇಪ್ಪತ್ತಾರರಲ್ಲಿ ಸೊಂಟ ಹಿಡಿದಾಗ, ಹಿರಿಯರೊಬ್ಬರ ಮಾತು ಕೇಳಿ ಹಲಗೆಯ ಮೇಲೆ ಮೂರು ವಾರ ಮಲಗಿದೆ. ಎದ್ದಾಗ ನೋವು ಅಷ್ಟೇ ಇತ್ತು, ತೊಡೆ ಮಾತ್ರ ಅರ್ಧವಾಗಿತ್ತು.

ಬೆಲ್ಟ್ ಮತ್ತು ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ), ಇವುಗಳ ವಿಷಯ ಬೇಗ ಮುಗಿಸುತ್ತೇನೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳಿವಳಿಕೆ ಕೊಡುವುದು ಬೇಕಾದವುಗಳ ಸಾಲಿನಲ್ಲಿವೆ. ಸೊಂಟದ ಬೆಲ್ಟ್, ಟ್ರಾಕ್ಷನ್‌ಗಳು ವಾಡಿಕೆಯಾಗಿ ಬೇಡವೆನ್ನುವ ಸಾಲಿನಲ್ಲಿವೆ. ಬಸ್ ಪ್ರಯಾಣಕ್ಕೆ ಒಂದು ಗಂಟೆ ಬೆಲ್ಟ್ ಕಟ್ಟಿದರೆ ಯಾರೂ ಮುಳುಗುವುದಿಲ್ಲ. ದಿನವಿಡೀ ಕಟ್ಟಿದವರು ವಾರಕ್ಕೆ ಒಂದೊಂದು ಗಂಟೆ ಕಡಿಮೆ ಮಾಡಿ.

ಕೆಲಸದ ಜಾಗ

ಸರಿಯಾದ ಭಂಗಿ ಎಂಬ ಒಂದೇ ಭಂಗಿ ಇಲ್ಲ. ಎಷ್ಟು ಚೆಂದದ ಭಂಗಿಯೂ ಮೂರು ಗಂಟೆಗೆ ಹಳಸುತ್ತದೆ. ಕಂಪ್ಯೂಟರಿನವರು, ಹೊಲಿಗೆಯವರು, ಅಡಿಕೆ ಸುಲಿಯುವವರು ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ಹಾಕಿ. ಆ ಅಮ್ಮನಿಗೆ ಇದನ್ನು ಹೇಳಿದಾಗ “ಎದ್ದರೆ ಡಬ್ಬ ತುಂಬುವುದು ಹೇಗೆ?” ಎಂದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಗಡಿಯಾರ ಬಿಟ್ಟು, ಕೂತುಕೊಳ್ಳುವ ಮಣೆಯನ್ನು ಎರಡು ಇಂಚು ಎತ್ತರಿಸಿದೆವು, ಸುಲಿದ ಅಡಿಕೆಯ ಬುಟ್ಟಿಯನ್ನು ಕೈಗೆಟುಕದಷ್ಟು ದೂರ ಇಟ್ಟೆವು. ಮಡಿಲು ತುಂಬಿದಾಗಲೆಲ್ಲ ಏಳಲೇಬೇಕು. ಬೈಕಿನವರಿಗೆ ಒಂದೇ ಮಾತು, ರಸ್ತೆ ಉಬ್ಬಿನಲ್ಲಿ ಪೃಷ್ಠವನ್ನು ಸೀಟಿನಿಂದ ತುಸು ಎತ್ತಿ, ಭಾರ ಕಾಲಿಗೆ ಹೋಗಲಿ.

12 ವಾರದ ಮೇಲೆ

ಐದು ಅಳತೆಗಳನ್ನು ಮತ್ತೆ ತೆಗೆದು ಮೊದಲ ಪುಟದ ಪಕ್ಕದಲ್ಲೇ ಬರೆಯಿರಿ. ನೋವಿನ ಅಂಕ 7ರಿಂದ 4ಕ್ಕೆ ಮಾತ್ರ ಇಳಿದಿದ್ದರೂ ಅಳತೆಗಳು ಎರಡು ಪಟ್ಟಾಗಿದ್ದರೆ ದಾರಿ ಸರಿಯಿದೆ. ಮೊದಲು ಬಲ ಬರುತ್ತದೆ, ನೋವು ಹಿಂದೆ ಉಳಿದು ನಿಧಾನವಾಗಿ ಇಳಿಯುತ್ತದೆ. ಯಾವ ಅಳತೆಯೂ ಏರದಿದ್ದರೆ ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿ ತೋರಿಸಿ. ಸಾಮಾನ್ಯವಾಗಿ ಒಂದು ಸಣ್ಣ ತಪ್ಪು ಸಿಗುತ್ತದೆ.

ಇಲ್ಲಿಂದ ಮುಂದೆ ಭಾರದ ವ್ಯಾಯಾಮ ವಾರಕ್ಕೆ ಒಂದೋ ಎರಡೋ ದಿನ ಸಾಕು. ನಡಿಗೆಯನ್ನು ಮಾತ್ರ ಬಿಡಬೇಡಿ. ಆಸ್ಟ್ರೇಲಿಯದಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಸುಮ್ಮನಿದ್ದವರಲ್ಲಿ ನೋವು ಮರುಕಳಿಸಲು ಹಿಡಿದ ಮಧ್ಯಮ ಅವಧಿ 112 ದಿನ, ಹಂತ ಹಂತವಾಗಿ ನಡಿಗೆ ಏರಿಸಿಕೊಂಡವರಲ್ಲಿ 208 ದಿನ. ಅವರ ಗುರಿ ಆರು ತಿಂಗಳಲ್ಲಿ ವಾರಕ್ಕೆ ಐದು ದಿನ 30 ನಿಮಿಷ.

ಅಮ್ಮನ ಪುಸ್ತಕ ಈಗ ಎರಡೂ ಕಡೆಯಿಂದ ತುಂಬುತ್ತಿದೆ. ಹಿಂದಿನ ಪುಟಗಳಲ್ಲಿ ಎಡ ಪಕ್ಕ 7ರಿಂದ 31ಕ್ಕೆ ಬಂದಿದೆ, ಕತ್ತು 9ರಿಂದ 26ಕ್ಕೆ. ನಡುವೆ ತಿಥಿ, ಮದುವೆ ಎಂದು ಮೂರು ವಾರ ಖಾಲಿ. ಖಾಲಿ ಬಿದ್ದ ಮೇಲೆ ಬಿಟ್ಟಲ್ಲಿಂದಲೇ ಶುರು ಮಾಡಿದ್ದರೆ ಮತ್ತೆ ಬೆಂಚಿಗೆ ಬರುತ್ತಿದ್ದರು. ಒಂದು ವಾರ ತಪ್ಪಿದರೆ ಅದೇ ಅಳತೆ, ಎರಡು ವಾರ ತಪ್ಪಿದರೆ ಮುಕ್ಕಾಲು, ಮೂರು ದಾಟಿದರೆ ಅರ್ಧ ಎಂದು ಮೊದಲ ದಿನವೇ ರಟ್ಟಿನ ಒಳಬದಿಗೆ ಬರೆದುಕೊಟ್ಟಿದ್ದೆ. ನೀವೂ ಬರೆದುಕೊಳ್ಳಿ.